ಸಭೆಯನ್ನು ಹುಡುಕಬೇಕಾದವರು ಯಾರು?

ಮದ್ಯವ್ಯಸನದ ಪ್ರಕರಣಗಳಲ್ಲಿ ಸಲಹೆ ಕೇಳಿ ಮೊದಲು ಕರೆ ಮಾಡುವವರು ಹೆಚ್ಚಾಗಿ ಕುಡಿಯುವವರಲ್ಲ. ಅವರ ಹೆಂಡತಿ, ತಾಯಿ ಅಥವಾ ಬೆಳೆದ ಮಗಳು. ಈ ಪ್ರಕರಣವೂ ಹಾಗೆಯೇ ಆರಂಭವಾಯಿತು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಇಂಥದ್ದೇ ಪರಿಸ್ಥಿತಿ ಬೇರೆ ಬೇರೆ ಕುಟುಂಬಗಳಲ್ಲಿ ಮತ್ತೆ ಮತ್ತೆ ಎದುರಾಗುವುದರಿಂದಲೂ, ಕುಡಿತ ಬಿಡಲು ನೆರವಾಗುವ ಸಭೆಯನ್ನು ಕುಡಿಯುವವರೇ ಹುಡುಕಿಕೊಳ್ಳಬೇಕೆಂದು ನಾನು ಕೊಟ್ಟ ಸಲಹೆಯನ್ನು ಕೆಲವು ಸಹೋದ್ಯೋಗಿಗಳು ಒಪ್ಪದಿರುವುದರಿಂದಲೂ ಇದನ್ನು ಬರೆಯುತ್ತಿದ್ದೇನೆ.

ಪತಿಗೆ ನಲವತ್ತು ದಾಟಿತ್ತು. ಉದ್ಯೋಗವಿತ್ತು, ಹಲವು ವರ್ಷಗಳಿಂದ ದಿನವೂ ಕುಡಿತವಿತ್ತು. ಪತ್ನಿ ಒಂದು ನೋಟ್‌ಬುಕ್ಕಿನಲ್ಲಿ, ಕುಡಿತ ಬಿಡಬಯಸುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಸಂಘಟನೆಯಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳ ದಿನ, ವೇಳೆ, ಸಂಪರ್ಕ ಸಂಖ್ಯೆಗಳನ್ನೆಲ್ಲ ಬರೆದುಕೊಂಡಿದ್ದರು. ಯಾವ ಸಭೆ ದೂರ, ಎಲ್ಲಿ ಪರಿಚಿತರು ಸಿಗಬಹುದು, ಎಲ್ಲಿ ಪ್ರಾರ್ಥನೆ ಹೆಚ್ಚು ಎಂಬ ಚರ್ಚೆಯಲ್ಲೇ ಮೊದಲ ಭೇಟಿಗಳು ಕಳೆದವು. ಪತಿ ಎಲ್ಲದಕ್ಕೂ ಒಪ್ಪಿದರು, ಯಾವುದಕ್ಕೂ ಹೋಗಲಿಲ್ಲ.

ಒಂದು ದಿನ ಅವರನ್ನೇ ಕೇಳಿದೆ: "ಈ ವಾರ ಯಾವ ಸಭೆಗೆ ಹೋಗಬೇಕೆಂದುಕೊಂಡಿದ್ದೀರಿ?" ಅವರು ಪತ್ನಿಯ ಕಡೆ ನೋಡಿ, "ಪಟ್ಟಿ ಇವಳ ಹತ್ತಿರ ಇದೆ ಮೇಡಂ. ಇವಳು ಹೇಳಿದ ಕಡೆ ಹೋಗುತ್ತೇನೆ" ಎಂದರು. ಆ ಮಾತಿನಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ, ವಿಧೇಯತೆ ಇತ್ತು. ಆ ವಿಧೇಯತೆಯೇ ನನ್ನನ್ನು ಎಚ್ಚರಿಸಿತು. ಹೋದರೆ ಹೆಂಡತಿಯ ಮಾತು ನಡೆಸಿಕೊಟ್ಟಂತೆ, ಹೋಗದಿದ್ದರೆ ಅವಳ ಮಾತು ಮೀರಿದಂತೆ; ಎರಡರಲ್ಲೂ ಅವರ ಕುಡಿತದ ವಿಚಾರವೇ ಇರಲಿಲ್ಲ.

ಪತ್ನಿಯನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರಲು ವಿನಂತಿಸಿ, ಆ ಸಂಘಟನೆಯ ಸಹಾಯವಾಣಿಗೆ ಪತಿಯೇ, ಅಲ್ಲಿಂದಲೇ, ಕರೆ ಮಾಡಬೇಕೆಂದು ಹೇಳಿದೆ. ಬಹಳ ಹೊತ್ತು ಫೋನ್ ಕೈಯಲ್ಲೇ ಇತ್ತು. ಕೊನೆಗೆ, "ಇವತ್ತು ಬೆಳಿಗ್ಗೆ ಕೂಡ ಸ್ವಲ್ಪ ತಗೊಂಡಿದ್ದೇನೆ ಮೇಡಂ. ಬಿಟ್ಟ ಮೇಲೆ ತಾನೇ ಅಲ್ಲಿಗೆ ಹೋಗಬೇಕಾದದ್ದು?" ಎಂದರು. ದೂರ, ಪರಿಚಿತರು, ಪ್ರಾರ್ಥನೆ ಎಂಬ ನೆಪಗಳ ಹಿಂದೆ ಇದ್ದದ್ದು ಈ ಒಂದು ಪ್ರಶ್ನೆ. ಪತ್ನಿಯ ಎದುರು ಅದು ಬಾಯಿಗೆ ಬಂದಿರಲಿಲ್ಲ. "ಅದನ್ನೇ ಅವರಿಗೆ ಕೇಳಿ" ಎಂದೆ. ಕೇಳಿದರು. ಆ ಕಡೆ ಮಾತನಾಡಿದವರೂ ಒಂದು ಕಾಲದಲ್ಲಿ ಕುಡಿಯುತ್ತಿದ್ದ ಸದಸ್ಯರೇ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಮಾತನಾಡಲೇಬೇಕೆಂದಿಲ್ಲ, ಬಂದು ಕುಳಿತು ಕೇಳಿ ಎಂದು ಅವರು ಹೇಳಿದರು.

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಆ ಸಂಘಟನೆಯ ನಿಯಮವೇ ಅದು. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಅದರ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಅವರನ್ನು ಮೊದಲು ಭೇಟಿಯಾದಾಗ ಇನ್ನೊಬ್ಬ ಸ್ಥಾಪಕ ಡಾ. ಬಾಬ್ ಸ್ಮಿತ್ ಇನ್ನೂ ಕುಡಿತ ಬಿಟ್ಟಿರಲಿಲ್ಲ; ಅವರು ಕೊನೆಯ ಬಾರಿ ಕುಡಿದ ಜೂನ್ 10ನ್ನೇ ಸಂಘಟನೆಯ ಸ್ಥಾಪನಾ ದಿನವೆಂದು ಆಚರಿಸಲಾಗುತ್ತದೆ. ಇದನ್ನು ತಿಳಿಸಿದಾಗ ಪತಿ ಮೊದಲ ಬಾರಿಗೆ ತಾವಾಗಿಯೇ ಪ್ರಶ್ನೆಗಳನ್ನು ಕೇಳಲಾರಂಭಿಸಿದರು.

ಮುಕ್ತ ಸಭೆಗೆ ಯಾರು ಬೇಕಾದರೂ ಬರಬಹುದು, ಇನ್ನು ಕೆಲವು ಸಭೆಗಳು ಕುಡಿತ ಬಿಡಬಯಸುವವರಿಗೆ ಮಾತ್ರ ಎಂದು ವಿವರಿಸಿದೆ. ಶುಲ್ಕವಿಲ್ಲ, ಇಷ್ಟವಿದ್ದ ಸದಸ್ಯರು ಕಾಣಿಕೆ ಕೊಡಬಹುದು. ಒಂದೊಂದು ಗುಂಪಿನ ಸ್ವಭಾವ ಒಂದೊಂದು ರೀತಿ ಇರುವುದರಿಂದ ಒಂದೇ ಸಭೆಗೆ ಹೋಗಿ ಇದು ನನಗಲ್ಲವೆಂದು ತೀರ್ಮಾನಿಸದೆ ಹಲವನ್ನು ನೋಡಬೇಕು. ದೈವದ ಮಾತು ಒಗ್ಗದವರಿಗೆ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿಯಂಥ ಗುಂಪುಗಳಿವೆ. ಅಲ್ಲಿ ಆಲೋಚನೆ ಮತ್ತು ವರ್ತನೆಯನ್ನು ಬದಲಿಸುವ ವಿಧಾನಗಳೇ ಆಧಾರ. ಪತ್ನಿಗೆ ನೋಟ್‌ಬುಕ್ಕನ್ನು ಪತಿಯ ಕೈಗೆ ಕೊಟ್ಟು, ಮತ್ತೆ ಅದರ ಬಗ್ಗೆ ವಿಚಾರಿಸದಿರಲು ಹೇಳಿದೆ. ಅವರೂ ದಣಿದಿದ್ದರು. ಕುಡಿಯುವವರ ಮನೆಯವರಿಗೆಂದೇ 1951ರಿಂದ ಇರುವ ಅಲ್-ಅನಾನ್ ಸಭೆಯನ್ನು ತಮಗಾಗಿ ಹುಡುಕಿಕೊಳ್ಳುವಂತೆ ಸೂಚಿಸಿದೆ. ಅವರು ಅತ್ತರು, ತಮಗೂ ನೆರವು ಬೇಕಿರಬಹುದೆಂದು ಯಾರೂ ಹೇಳಿರಲಿಲ್ಲವಂತೆ.

ವ್ಯಸನಿಯ ಕೈಗೇ ಹುಡುಕಾಟವನ್ನು ಬಿಡುವುದು ಅವರನ್ನು ಕೈಬಿಟ್ಟಂತೆ ಎಂಬುದು ಸಹೋದ್ಯೋಗಿಗಳ ಆಕ್ಷೇಪ. ನಾನು ಒಪ್ಪುವುದಿಲ್ಲ. 1981ರಲ್ಲಿ ಸಂಶೋಧಕರಾದ ಸಿಸ್ಸನ್ ಮತ್ತು ಮಲ್ಲಮ್ಸ್ ಪ್ರಕಟಿಸಿದ 20 ಜನರ ಚಿಕ್ಕ ಅಧ್ಯಯನವೊಂದಿದೆ. ಸಭೆಯ ಸ್ಥಳ, ವೇಳೆ ತಿಳಿಸಿ ಹೋಗಿ ಎಂದಷ್ಟೇ ಹೇಳಿದ ಗುಂಪಿನಲ್ಲಿ ಒಬ್ಬರೂ ಹೋಗಲಿಲ್ಲ. ಸಲಹೆಗಾರರ ಎದುರೇ ಸದಸ್ಯರೊಬ್ಬರೊಂದಿಗೆ ಫೋನಿನಲ್ಲಿ ಮಾತನಾಡಿಸಿದ ಗುಂಪಿನಲ್ಲಿ ಎಲ್ಲರೂ ಹೋದರು. ಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮಾಡದ ಕೆಲಸವನ್ನು ಇನ್ನೊಬ್ಬ ಚೇತರಿಸಿಕೊಂಡವರ ಧ್ವನಿ ಮಾಡುತ್ತದೆ. ಪಕ್ಕದಲ್ಲಿ ಕುಳಿತು ಕರೆ ಮಾಡಿಸುವುದು ಕೈಬಿಡುವುದಲ್ಲ, ಅವರ ಪರವಾಗಿ ನಾವೇ ಮಾತನಾಡಿ ಮುಗಿಸದಿರುವುದು.

ಆ ವಾರವೇ ಪತಿ ಸಭೆಗೆ ಹೋದರು. ನಡುವೆ ಮತ್ತೆ ಕುಡಿದರು, ಮತ್ತೆ ಹೋದರು, ಈಗಲೂ ಹೋಗುತ್ತಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ನಿರ್ಧಾರವನ್ನು ಅವರಿಗೆ ಬಿಡಲಿಲ್ಲ. ಬೆಳಿಗ್ಗೆಯೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಸೆಳವು (ಫಿಟ್ಸ್), ಆಮೇಲೆ ತೀವ್ರ ಭ್ರಮೆ, ಗೊಂದಲ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯವಿದೆ. ಆದ್ದರಿಂದ ಅಂದೇ ವೈದ್ಯರ ಬಳಿಗೆ ಕಳುಹಿಸಿದೆ, ಜೊತೆಗೆ ಪತ್ನಿಯೂ ಹೋಗಬೇಕೆಂದೆ. ಕುಡಿತ ನಿಲ್ಲಿಸಿದವರಲ್ಲಿ ಕೈನಡುಕ ಹೆಚ್ಚಾಗಿ ಬೆವರು, ವಾಂತಿ, ಇಲ್ಲದ್ದನ್ನು ಕಾಣುವುದು ಶುರುವಾದರೆ ಮನೆಯವರು ಅವರ ಒಪ್ಪಿಗೆಗಾಗಿ ಕಾಯಬಾರದು, ಯಾವ ಸಭೆಯನ್ನೂ ಹುಡುಕಬಾರದು; ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.