ಜೋಕಾಲಿ ತೂಗಿದ ಕೈ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಉದ್ಯೋಗಗಳನ್ನು ಬದಲಿಸಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಕೈಬಿಟ್ಟಿದ್ದೇನೆ.

ಧಾರವಾಡ ಸೀಮೆಯ ಈ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ ಮತ್ತು ಇಬ್ಬರು ಮಕ್ಕಳಿದ್ದಾರೆ. ತಾಯಿ ಶೈಲಾ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ತಂದೆ ಮಂಜುನಾಥ ಸಣ್ಣ ಅಂಗಡಿ ನಡೆಸುತ್ತಾರೆ. ಮಗಳು ಪಲ್ಲವಿಗೆ ಆರೂವರೆ ವರ್ಷ, ಮಗ ಸಮರ್ಥನಿಗೆ ಮೂರೂವರೆ. ಸಮರ್ಥನ ತೊಡೆಯ ಮೂಳೆ ಮುರಿದು, ಕೂಡಿ, ಪ್ಲಾಸ್ಟರ್ ಬಿಚ್ಚಿದ ಮೇಲೂ ಅವನು ನಡೆಯಲು ಒಪ್ಪುತ್ತಿಲ್ಲವೆಂದು ಮೂಳೆ ವೈದ್ಯರು ಇವರನ್ನು ನನ್ನ ಬಳಿಗೆ ಕಳುಹಿಸಿದ್ದರು. ಎಕ್ಸ್‌-ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು, ಕಾಲೂರಬಹುದೆಂದು ವೈದ್ಯರು ಬರೆದುಕೊಟ್ಟಿದ್ದರು.

ಘಟನೆ ನಡೆದದ್ದು ನಾಗರಪಂಚಮಿಯ ದಿನ. ಆ ಭಾಗದಲ್ಲಿ ಪಂಚಮಿಯೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳು ಮತ್ತು ಜೋಕಾಲಿ. ಮಂಜುನಾಥ ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ, ಕೆಳಗೆ ಮಣೆ ಕೂಡಿಸಿ ಅಂಗಡಿಗೆ ಹೋಗಿದ್ದರು. ಶೈಲಾ ಒಲೆಯ ಮುಂದಿದ್ದರು, ಅಜ್ಜಿ ದೇವರ ಕೋಣೆಯಲ್ಲಿದ್ದರು. ತಮ್ಮ ಮಣೆಯ ಮೇಲೆ ಕೂತಿದ್ದ, ಅಕ್ಕ ತೂಗುತ್ತಿದ್ದಳು. ಒಂದು ಬದಿಯ ಗಂಟು ಸಡಿಲವಾಗಿ ಹಗ್ಗ ಜಾರಿತು, ಹುಡುಗ ಫರಸಿಯ ಮೇಲೆ ಬಿದ್ದ. ಗಾಬರಿಯಲ್ಲಿ ಓಡಿಬಂದ ಅಜ್ಜಿಯ ಬಾಯಿಂದ ಬಂದ ಮೊದಲ ಮಾತು ಹೀಗಿತ್ತು: "ಅಷ್ಟ್ ಜೋರ ಯಾಕ ತೂಗಿದಿ? ತಮ್ಮನ ಕಾಲ ಮುರದಿ ನೋಡು."

ಈ ವಯಸ್ಸಿನ ಮಕ್ಕಳ ತೊಡೆ ಮೂಳೆ ಮುರಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡದೆ ಹಿಪ್ ಸ್ಪೈಕಾ ಎಂಬ ಪ್ಲಾಸ್ಟರ್ ಹಾಕುತ್ತಾರೆ. ಹೊಟ್ಟೆಯ ಮೇಲ್ಭಾಗದಿಂದ ಶುರುವಾಗಿ ಮುರಿದ ಕಾಲಿನ ಕೆಳಗಿನವರೆಗೂ, ಇನ್ನೊಂದು ಕಾಲಿನ ಮೊಣಕಾಲಿನವರೆಗೂ ಅದು ಬರುತ್ತದೆ. ಸುಮಾರು ಆರು ವಾರ ಮಗು ಕೂರುವಂತಿಲ್ಲ, ಹೊರಳುವಂತಿಲ್ಲ. ಆ ಆರು ವಾರ ಮನೆಯವರ ಪಾಡು ಏನಾಗಿರುತ್ತದೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಪ್ಲಾಸ್ಟರಿನ ತೆರವಿನೊಳಗೆ ಸಣ್ಣ ಅಳತೆಯ ಡೈಪರ್ ತುರುಕಿ ಅದರ ಮೇಲೆ ದೊಡ್ಡದೊಂದನ್ನು ಕಟ್ಟಬೇಕು. ಒಂದು ಹನಿ ಒಳಗಿಳಿದರೂ ಚರ್ಮ ಹುಣ್ಣಾಗುತ್ತದೆ. ರಾತ್ರಿಯೂ ಕೆಲವು ತಾಸಿಗೊಮ್ಮೆ ಎದ್ದು ಮಗುವನ್ನು ಮಗ್ಗುಲು ಬದಲಿಸಬೇಕು, ಕಾಲ್ಬೆರಳು ಬಾತಿವೆಯೇ, ಬಣ್ಣ ಬದಲಾಗಿದೆಯೇ ಎಂದು ನೋಡಬೇಕು. ಶೈಲಾ ಇದನ್ನೆಲ್ಲ ಬಹುಮಟ್ಟಿಗೆ ಒಬ್ಬರೇ ಮಾಡಿದ್ದರು, ಅದೂ ಸಂಬಳವಿಲ್ಲದ ರಜೆಯ ಮೇಲೆ. ಆಸ್ಪತ್ರೆಯಲ್ಲಿ "ಹೇಗೆ ಬಿದ್ದ?" ಎಂದು ಬೇರೆ ಬೇರೆಯವರು ಪದೇ ಪದೇ ಕೇಳಿದ್ದನ್ನು ಅವರು ತಮ್ಮ ಮೇಲಿನ ಆರೋಪವೆಂದೇ ತಿಳಿದು ನೊಂದಿದ್ದರು. ಎಳೆಯ ಮಕ್ಕಳ ಇಂಥ ದೊಡ್ಡ ಮೂಳೆ ಮುರಿದಾಗ, ಮಗುವಿಗೆ ಯಾರಾದರೂ ಹೊಡೆದಿರಬಹುದೇ ಎಂದು ವಿಚಾರಿಸುವುದು ಆಸ್ಪತ್ರೆಯ ಕರ್ತವ್ಯವೆಂದೂ ಎಲ್ಲ ತಂದೆತಾಯಿಗಳಿಗೂ ಅದೇ ಪ್ರಶ್ನೆ ಬರುತ್ತದೆಂದೂ ನಾನು ಹೇಳಿದಾಗ ಅವರು ಬಹಳ ಹೊತ್ತು ಅತ್ತರು.

ನನಗೆ ಹೆಚ್ಚು ಕಾಳಜಿಯಾದದ್ದು ಪಲ್ಲವಿಯ ಬಗ್ಗೆ. ಅವಳನ್ನು ಯಾರೂ ತೋರಿಸಲೆಂದು ಕರೆತಂದಿರಲಿಲ್ಲ. ಮನೆಯಲ್ಲಿ ಬಿಡಲು ಯಾರೂ ಇಲ್ಲವೆಂದು ಜೊತೆಗೆ ಬಂದಿದ್ದಳು. ಮಾತಿನ ನಡುವೆ ತಿಳಿದುಬಂದದ್ದೇನೆಂದರೆ, ಎರಡು ವರ್ಷಗಳಿಂದ ನಿಂತಿದ್ದ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರುವಾಗಿತ್ತು, ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು ಬರುತ್ತಿತ್ತು. ತಮ್ಮನಿಗೆ ತನ್ನ ಬಣ್ಣದ ಪೆನ್ಸಿಲ್‌, ತನ್ನ ತಟ್ಟೆಯ ಹೋಳಿಗೆ ಎಲ್ಲವನ್ನೂ ಕೇಳುವ ಮೊದಲೇ ಕೊಡುತ್ತಿದ್ದಳು. ಅವನು ಹೊಡೆದರೆ ಹೊಡೆಸಿಕೊಂಡು ಸುಮ್ಮನಿರುತ್ತಿದ್ದಳು. "ಎಷ್ಟ್ ಶಾಣ್ಯಾ ಆಗ್ಯಾಳ ನೋಡ್ರಿ" ಎಂದು ಅಜ್ಜಿ ಮೆಚ್ಚಿಕೊಳ್ಳುತ್ತಿದ್ದರು.

ನನ್ನ ಕೋಣೆಯಲ್ಲಿ ಬಟ್ಟೆಯ ಗೊಂಬೆಗಳೂ ಕ್ರೇಪ್ ಬ್ಯಾಂಡೇಜಿನ ತುಂಡುಗಳೂ ಇರುತ್ತವೆ. ಅವಳು ಚಿಕ್ಕ ಗೊಂಬೆಯ ಎರಡೂ ಕಾಲುಗಳಿಗೆ ಅಚ್ಚುಕಟ್ಟಾಗಿ ಪಟ್ಟಿ ಸುತ್ತಿದಳು. ಆಮೇಲೆ ದೊಡ್ಡ ಗೊಂಬೆಯನ್ನು ಎತ್ತಿಕೊಂಡು ಅದರ ಎರಡು ಕೈಗಳನ್ನೂ ಜೋಡಿಸಿ ನನ್ನ ಮುಂದೆ ಹಿಡಿದಳು. "ಈಕಿ ಕೈಗೂ ಕಟ್ರಿ ಮೇಡಮ್ಮರ, ಇಲ್ಲಂದ್ರ ಮತ್ತ ತೂಗ್ತಾಳ" ಎಂದಳು. ಶೈಲಾ ಅಲ್ಲೇ ಕೂತಿದ್ದರು.

ಆರೇಳು ವರ್ಷದ ಮಗು ತಪ್ಪನ್ನು ಅಳೆಯುವ ರೀತಿ ದೊಡ್ಡವರಿಗಿಂತ ಬೇರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಎರಡು ಕತೆ ಹೇಳಿ ಕೇಳಿದ್ದರು. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿದಾಗ, ಅದರ ಹಿಂದೆ ಇವೆಯೆಂದು ಅವನಿಗೆ ಗೊತ್ತೇ ಇಲ್ಲದ 15 ಕಪ್ಪುಗಳು ಒಡೆಯುತ್ತವೆ. ಇನ್ನೊಬ್ಬ ತಾಯಿ ಇಲ್ಲದ ಹೊತ್ತು ನೋಡಿ ಜಾಮ್ ತೆಗೆಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ಹೆಚ್ಚು ತಪ್ಪು ಎಂದರೆ ಚಿಕ್ಕ ಮಕ್ಕಳು ಹೆಚ್ಚಾಗಿ 15 ಕಪ್ಪು ಒಡೆದವನ ಕಡೆಗೇ ಬೆರಳು ತೋರಿಸುತ್ತಾರೆ. ಅಂದರೆ ಉದ್ದೇಶಕ್ಕಿಂತ ಆದ ಹಾನಿಯೇ ಅವರ ಕಣ್ಣಿಗೆ ದೊಡ್ಡದು. ಪಲ್ಲವಿಯ ಕಣ್ಣ ಮುಂದೆ ಆರು ವಾರ ಇದ್ದದ್ದು ಎದೆಯ ಕೆಳಗಿನಿಂದ ಕಾಲಿನವರೆಗೆ ಹಬ್ಬಿದ ಬಿಳಿ ಪ್ಲಾಸ್ಟರ್. ತನ್ನ ತಪ್ಪು ಅಷ್ಟು ದೊಡ್ಡದೆಂದು ಅವಳು ಲೆಕ್ಕ ಹಾಕಿಕೊಂಡಿದ್ದರೆ ಆಶ್ಚರ್ಯವಿಲ್ಲ. ಅದರ ಮೇಲೆ, ಬಿಸ್ಕೀಟು ಹಣ್ಣು ಹಿಡಿದುಕೊಂಡು ನೋಡಲು ಬಂದ ಓಣಿಯವರಿಗೂ ನೆಂಟರಿಗೂ ಅಜ್ಜಿ ಅವಳ ಎದುರಿಗೇ "ಅಕ್ಕ ತೂಗಾಕತ್ತಿದ್ಳು" ಎಂದು ಕತೆ ಶುರು ಮಾಡುತ್ತಿದ್ದರು. ಕೇಡು ಬಗೆದು ಆಡಿದ ಮಾತಲ್ಲ, ನಿಜ. ಆದರೂ ಬಂದವರೆಲ್ಲ ಒಮ್ಮೆ ಅವಳ ಮುಖ ನೋಡುತ್ತಿದ್ದರು.

ಶೈಲಾ ಆ ದಿನವೇ ಮಗಳನ್ನು ತಬ್ಬಿಕೊಂಡು "ನೀ ಏನೂ ಮಾಡಿಲ್ಲವಾ" ಎಂದು ಹೇಳಲು ಹೊರಟರು. ಹಾಗೆ ಹೇಳಬೇಡಿರೆಂದು ನಾನು ತಡೆದೆ, ಇದು ಅವರಿಗೆ ಕಠಿಣವೆನಿಸಿತು. ತಾನು ತೂಗಿದ್ದೆನೆಂಬುದು ಮಗುವಿಗೆ ಚೆನ್ನಾಗಿ ಗೊತ್ತಿದೆ. ಏನೂ ಮಾಡಿಲ್ಲವೆಂದು ಅವ್ವ ಹೇಳಿದರೆ, ಅವ್ವನಿಗೆ ನಿಜ ಗೊತ್ತಿಲ್ಲ ಅಥವಾ ನಿಜ ಬಾಯಿಬಿಟ್ಟು ಹೇಳಲಾರದಷ್ಟು ಕೆಟ್ಟದ್ದೆಂದು ಮಗು ತಿಳಿಯುತ್ತದೆ, ಆಗ ಅದು ಇನ್ನಷ್ಟು ಒಂಟಿಯಾಗುತ್ತದೆ. ಹಿರಿಯರು ಮಾಡಬೇಕಾದದ್ದು ನಡೆದದ್ದನ್ನು ನಡೆದಂತೆಯೇ ಸರಿಯಾದ ಕ್ರಮದಲ್ಲಿ ಹೇಳುವುದು, ಯಾವ ಕೆಲಸ ಯಾರದಾಗಿತ್ತೆಂದು ಬಿಡಿಸಿ ತೋರಿಸುವುದು, ಮತ್ತು ಮನೆಯ ಮೂವರು ಹಿರಿಯರೂ ಅದನ್ನೇ ಹೇಳುವುದು. ಒಬ್ಬರದೊಂದು ಕತೆ, ಇನ್ನೊಬ್ಬರದೊಂದು ಕತೆ ಆದರೆ ಮಗು ತನಗೆ ಅತಿ ಕೆಟ್ಟದಾಗಿ ತಾಗುವುದನ್ನೇ ಆರಿಸಿಕೊಳ್ಳುತ್ತದೆ.

ಆ ಮಾತನ್ನು ಮಂಜುನಾಥರೇ ಆಡಬೇಕಿತ್ತು, ಏಕೆಂದರೆ ಗಂಟು ಕಟ್ಟಿದವರು ಅವರು. ಪಂಚಮಿಯಿಂದ ಈಚೆಗೆ ಅವರು ಅಂಗಡಿಯಿಂದ ತಡವಾಗಿ ಬರುವುದು, ಬಂದರೆ ಸಣ್ಣದಕ್ಕೂ ಹೆಂಡತಿಯ ಮೇಲೆ ರೇಗುವುದು ನಡೆದಿತ್ತು. ಅವರೊಡನೆ ಬೇರೆಯಾಗಿ ಕೂತು ಮಾತನಾಡಿದೆ. ತಪ್ಪಿತಸ್ಥನೆಂದು ತಲೆ ತಗ್ಗಿಸುವುದಕ್ಕೂ ಹೊಣೆ ತನ್ನದೆಂದು ಹೇಳುವುದಕ್ಕೂ ಇರುವ ಅಂತರವನ್ನು ಅವರು ನನ್ನ ನಿರೀಕ್ಷೆಗಿಂತ ಬೇಗ ಹಿಡಿದರು. ಮುಂದಿನ ಭೇಟಿಯಲ್ಲಿ ಮಗಳನ್ನು ಎದುರು ಕೂಡಿಸಿಕೊಂಡು ಅವರು ಹೇಳಿದ್ದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ: "ಹಗ್ಗಾ ಕಟ್ಟಿದಾಂವ ನಾನವಾ. ಗಂಟು ಸರಿ ಬಿದ್ದಿರಲಿಲ್ಲ, ಅದಕ್ಕ ಜಾರ್ತು. ನೀ ತೂಗಿದ್ದು ಆಟ. ಜೋಕಾಲಿ ಅಂದಮ್ಯಾಲೆ ತೂಗಬೇಕಲ್ಲ. ಹಗ್ಗಾ ಗಟ್ಟಿ ಐತೋ ಇಲ್ಲೋ ನೋಡೋದು ದೊಡ್ಡವ್ರ ಕೆಲಸ." ಪಲ್ಲವಿ ಸ್ವಲ್ಪ ಹೊತ್ತು ಯೋಚಿಸಿ, "ಮತ್ತ ನಾ ಜೋರ ತೂಗಿದ್ನೆಲ್ಲಾ?" ಎಂದು ಕೇಳಿದಳು. ಗಂಟು ಗಟ್ಟಿಯಿದ್ದರೆ ಜೋರಾಗಿ ತೂಗಿದರೂ ಬೀಳುತ್ತಿರಲಿಲ್ಲವೆಂದು ಅಪ್ಪ ಹೇಳಿದರು. ಇದೇ ಪ್ರಶ್ನೆಯನ್ನು ಅವಳು ಮನೆಯಲ್ಲಿ ಇನ್ನೂ ಹಲವು ಸಲ ಕೇಳಬಹುದು, ಪ್ರತಿ ಸಲವೂ ಬೇಸರಪಡದೆ ಇದೇ ಉತ್ತರ ಕೊಡಿರೆಂದು ತಿಳಿಸಿದೆ. ಈ ವಯಸ್ಸಿನಲ್ಲಿ ಒಂದು ಸಲ ಕೇಳಿದ ಉತ್ತರ ನೆಲೆಯಾಗುವುದಿಲ್ಲ.

ಅವಳ ದಿನಚರಿಯ ವಿಷಯದಲ್ಲಿ ಕೊಟ್ಟ ಸಲಹೆಗಳು ಸರಳವಾಗಿದ್ದವು. ದಿನಕ್ಕೆ 15 ನಿಮಿಷವಾದರೂ ತಾಯಿ ತಮ್ಮನನ್ನು ಅಜ್ಜಿಗೊಪ್ಪಿಸಿ ಮಗಳೊಬ್ಬಳೊಡನೆ ಇರಬೇಕು, ಏನು ಮಾಡುವುದೆಂಬುದು ಮಗಳ ಇಷ್ಟ. ತಮ್ಮನಿಗೆ ನೀರು ತಂದುಕೊಡುವ, ಆಟಿಕೆ ಎತ್ತಿಕೊಡುವ ಕೆಲಸಗಳನ್ನು ಅವಳಿಗೆ ಹೊರಿಸಬಾರದು. ಸೇವೆ ಮಾಡಿ ಋಣ ತೀರಿಸಬೇಕೆಂಬ ಭಾವನೆ ಅದರಿಂದ ಗಟ್ಟಿಯಾಗುತ್ತದೆ. ಹಾಸಿಗೆ ಒದ್ದೆಯಾದರೆ ಬಯ್ಯದೆ, ಇತರರ ಮುಂದೆ ಆಡದೆ ಬಟ್ಟೆ ಬದಲಿಸಿ ಮಲಗಿಸಬೇಕು. ಉರಿ, ಜ್ವರ ಇದ್ದರೆ ಅಥವಾ ತೊಂದರೆ ನಿಲ್ಲದಿದ್ದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ತಪ್ಪು. ಶಾಲೆಯ ತರಗತಿ ಶಿಕ್ಷಕಿಗೆ ಎರಡು ಮಾತಿನಲ್ಲಿ ವಿಷಯ ತಿಳಿಸಿರಬೇಕು. ಅಜ್ಜಿಗೆ ನಾನು ಕೇಳಿಕೊಂಡದ್ದು ಒಂದೇ: ಬಂದವರಿಗೆ ಘಟನೆ ಹೇಳುವುದಿದ್ದರೆ ಮಕ್ಕಳಿಲ್ಲದಾಗ ಹೇಳಬೇಕು, ಹೇಳುವಾಗಲೂ ಹಗ್ಗದಿಂದ ಶುರು ಮಾಡಬೇಕು.

ಸಮರ್ಥನದು ನೋಡಲು ದೊಡ್ಡದಾಗಿ ಕಂಡರೂ ಸಣ್ಣ ತೊಂದರೆ. ಸ್ಪೈಕಾ ಬಿಚ್ಚಿದ ಮೇಲೆ ಮಕ್ಕಳ ಮೊಣಕಾಲು ಬಿಗಿದಿರುತ್ತದೆ, ಸ್ನಾಯು ಸೊರಗಿರುತ್ತದೆ, ಹಲವು ವಾರ ಕುಂಟುವುದು ಸಹಜ. ಬಹುತೇಕ ಮಕ್ಕಳು ತಾವಾಗಿಯೇ ತೆವಳಿ, ಹಿಡಿದು ನಿಂತು, ನಡೆಯಲು ತೊಡಗುತ್ತಾರೆ. ಪ್ಲಾಸ್ಟರ್ ಕತ್ತರಿಸುವ ಯಂತ್ರದ ಸದ್ದಿಗೆ ಅವನು ವಿಪರೀತ ಹೆದರಿದ್ದ. ಅದರ ಮೇಲೆ, ಅತ್ತ ಕೂಡಲೇ ಎತ್ತಿಕೊಳ್ಳುವವರು ಮನೆಯಲ್ಲಿ ಮೂವರಿದ್ದರು. ನಡೆದರೆ ಚಾಕಲೇಟು ಕೊಡುತ್ತೇನೆಂಬ ಆಸೆಯನ್ನೂ ನಡೆಯದಿದ್ದರೆ ಸೂಜಿ ಹಾಕಿಸುತ್ತೇನೆಂಬ ಹೆದರಿಕೆಯನ್ನೂ ನಿಲ್ಲಿಸಲು ಹೇಳಿದೆ. "ಎತ್ಕೊ" ಎಂದಾಗ ಎತ್ತುವ ಬದಲು ಅವನ ಪಕ್ಕದಲ್ಲಿ ನೆಲದ ಮೇಲೆ ಕೂರಬೇಕು. ಇಷ್ಟದ ಆಟಿಕೆಗಳನ್ನು ಮಂಚದ ಎತ್ತರಕ್ಕೆ ಇಡಬೇಕು. ದಿನವೂ ಬೆಚ್ಚಗಿನ ನೀರಿನ ಟಬ್ಬಿನಲ್ಲಿ, ಹಿರಿಯರೊಬ್ಬರು ಪಕ್ಕದಲ್ಲೇ ಇದ್ದು, ಕಾಲಾಡಿಸಲು ಬಿಡಬೇಕು. ಈ ಸ್ನಾನದ ಕೆಲಸವನ್ನು ಮಂಜುನಾಥ ವಹಿಸಿಕೊಂಡರು. ಪ್ಲಾಸ್ಟರಿನ ದಿನಗಳಲ್ಲಿ ಊಟಕ್ಕೆ ಜೊತೆಯಾಗಿದ್ದ ಮೊಬೈಲನ್ನು ಒಂದೊಂದು ಹೊತ್ತಿನ ಊಟದಿಂದ ತೆಗೆಯುತ್ತ ಬರಬೇಕೆಂದೂ, ಅವನು ಅಕ್ಕನನ್ನು ಹೊಡೆದರೆ ಕೈ ಹಿಡಿದು ತಡೆಯಬೇಕೆಂದೂ ಒತ್ತಿ ಹೇಳಿದೆ. ಪೆಟ್ಟು ತಿಂದ ಮಗುವೆಂದು ಅದನ್ನು ಸಹಿಸಿದರೆ ಇಬ್ಬರಿಗೂ ಅನ್ಯಾಯ.

ಎರಡು ಕಾಲುಗಳ ಉದ್ದ ಸಮವಿಲ್ಲವೆಂಬ ಭಯ ಅಜ್ಜಿಯನ್ನು ಕಾಡುತ್ತಿತ್ತು, ಎಲುಬು ಕೂಡಿಸುವವರ ಬಳಿ ಎಳೆಸಿ ಕಟ್ಟಿಸೋಣವೆಂದು ನೆಂಟರು ಒತ್ತಾಯಿಸುತ್ತಿದ್ದರು. ಇದನ್ನು ಖಡಾಖಂಡಿತವಾಗಿ ಬೇಡವೆಂದೆ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಮುರಿದು ಕೂಡಿದ ತೊಡೆ ಮೂಳೆ ಮುಂದಿನ ಒಂದೆರಡು ವರ್ಷ ತುಸು ಹೆಚ್ಚು ವೇಗವಾಗಿ ಬೆಳೆಯುತ್ತದೆ, ಸುಮಾರು ಒಂದು ಸೆಂಟಿಮೀಟರ್‌ ವ್ಯತ್ಯಾಸವನ್ನು ಅದೇ ತುಂಬಿಕೊಳ್ಳುತ್ತದೆ. ಮೂಳೆ ವೈದ್ಯರು ಇದನ್ನು ಲೆಕ್ಕದಲ್ಲಿಟ್ಟುಕೊಂಡೇ ಪ್ಲಾಸ್ಟರ್ ಹಾಕಿರುತ್ತಾರೆ. ವೈದ್ಯರೇ ಅಜ್ಜಿಗೆ ಎಕ್ಸ್‌-ರೇ ತೋರಿಸಿ ಹೇಳಿದ ಮೇಲೆ ಆ ಮಾತು ನಿಂತಿತು.

ಮಹಾನವಮಿಯ ಹೊತ್ತಿಗೆ ಸಮರ್ಥ ಗೋಡೆ ಹಿಡಿದು ನಡೆಯುತ್ತಿದ್ದ, ದೀಪಾವಳಿಗೆ ಕುಂಟುತ್ತಲೇ ಓಡುತ್ತಿದ್ದ. ಪಲ್ಲವಿಯ ಹೊಟ್ಟೆನೋವು ಬೇಗ ಹೋಯಿತು, ರಾತ್ರಿಯ ತೊಂದರೆ ಅಪರೂಪಕ್ಕೆ ಈಗಲೂ ಇದೆ. ತಮ್ಮ ಪೆನ್ಸಿಲ್ ಕಸಿದಾಗ ಅವಳು ಜಗಳವಾಡಿ ಕಿತ್ತುಕೊಂಡಳೆಂದು ಶೈಲಾ ದೂರಿನ ದನಿಯಲ್ಲಿ ಹೇಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಅಜ್ಜಿ ಮೊಮ್ಮಗಳ ಮುಂದೆ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬಂದವರ ಮುಂದೆ ಕತೆ ಹೇಳುವುದನ್ನು ಮಾತ್ರ ಬಿಟ್ಟರು.

ಶೈಲಾರ ವಿಷಯ ಇನ್ನೂ ಮುಗಿದಿಲ್ಲ. ಮಗ ಮಲಗಿದ ಮೇಲೂ ಅವರಿಗೆ ನಿದ್ದೆ ಹತ್ತುವುದಿಲ್ಲ, ಮಗ್ಗುಲು ಬದಲಿಸುವ ವೇಳೆಗೆ ತಾವಾಗಿ ಎಚ್ಚರವಾಗುತ್ತದೆ, ಶಾಲೆಗೆ ಮರಳುವ ಮಾತು ಬಂದರೆ ಕಣ್ಣು ತುಂಬುತ್ತದೆ. ಇದು ವಾರಗಟ್ಟಲೆ ಮುಂದುವರಿದದ್ದರಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಮನೋವೈದ್ಯರನ್ನು ಕಾಣಲು ಸೂಚಿಸಿದ್ದೇನೆ. ರಾತ್ರಿ ವೇಳೆ ತೀರಾ ಕಷ್ಟವಾದರೆ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ಗಂಡ ಹೆಂಡತಿ ಇಬ್ಬರಿಗೂ ಬರೆದುಕೊಟ್ಟಿದ್ದೇನೆ. ಮೊದಲ ಸಲ ಆಸ್ಪತ್ರೆಗೆ ಹೋಗುವಾಗ ಮಂಜುನಾಥ ಅಂಗಡಿ ಮುಚ್ಚಿ ಜೊತೆಗೆ ಹೋಗುವುದೆಂದೂ, ವಾರದಲ್ಲಿ ಎರಡು ರಾತ್ರಿ ಮಕ್ಕಳನ್ನು ಅವರೇ ಮಲಗಿಸುವುದೆಂದೂ, ಆ ರಾತ್ರಿಗಳಲ್ಲಿ ಶೈಲಾ ಬೇರೆ ಕೋಣೆಯಲ್ಲಿ ಮಲಗುವುದೆಂದೂ ಒಪ್ಪಿಕೊಂಡಿದ್ದಾರೆ.