ಇಬ್ಬರು ನಾಗವಲ್ಲಿಯರು, ಒಂದು ಪಿನ್‌ಕೋಡ್

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಮಾಷೆಗೆ ಅಂತ ಗೊತ್ತು ಮಾರಾಯ. "ನೀವು ಕೇರಳದವರಲ್ವಾ, ನಿಮಗೆ ಚಿಕ್ಕಂದಿನ ಕನ್ನಡ ಸಿನಿಮಾ ಅಂತ ಏನಾದ್ರೂ ಇರುತ್ತಾ?" ಅಂದೆ. ಆಮೇಲೆ ನನ್ನ ಸಮಾಧಾನಕ್ಕೆ, "ನಿಮ್ಮ ಕಾಸರಗೋಡು ನಂಗೂ ಗೊತ್ತು, ರಾಮಣ್ಣ ರೈ ಸಿನಿಮಾ ನೋಡಿದ್ದೀನಿ" ಅಂತ ಬೇರೆ ಸೇರಿಸಿದೆ. ಕಾಸರಗೋಡಿನ ಕನ್ನಡ ಶಾಲೆಯ ಕಥೆಯ ಆ ಸಿನಿಮಾ ಬಂದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ನನಗೆ ಮದುವೆಯಾಗಿ ಮಗಳೂ ಹುಟ್ಟಿದ್ದಳು. ಅದಕ್ಕೂ ಮೊದಲು ನಾವು ಎಂತ ನೋಡಿಕೊಂಡಿದ್ದೆವು ಅಂತ ಹೇಳ್ತೇನೆ, ಕೇಳು.

ಭಾಷೆಯ ಲೆಕ್ಕ ಮೊದಲು ಮುಗಿಸಿಬಿಡುವ. ಮನೆಯಲ್ಲಿ ತುಳುವೂ ಕನ್ನಡವೂ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಅದರಲ್ಲಿ ಸಾಹಸ ಎಂತದ್ದೂ ಇಲ್ಲ. ಕವಿ ಗೋವಿಂದ ಪೈಗಳ ಮಂಜೇಶ್ವರ, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರು ಅಂತೆಲ್ಲ ಭಾಷಣ ಈಗ ಬೇಡ, ಅದು ನವೆಂಬರಿಗೆ ಇರಲಿ.

ನಮ್ಮ ಟಿವಿಯ ಆಂಟೆನಾ ಅಂಗಳದ ಮೂಲೆಯಲ್ಲಿ, ಉದ್ದದ ಕಬ್ಬಿಣದ ಪೈಪಿನ ತುದಿಯಲ್ಲಿ ಇತ್ತು. ಭಾನುವಾರ ಸಂಜೆ ಮಾವ ಎರಡೂ ಕೈಯಲ್ಲಿ ಪೈಪ್ ಹಿಡಿದು ತಿರುಗಿಸುವುದು. ನಾನು ಚಾವಡಿಯ ಬಾಗಿಲಲ್ಲಿ ನಿಂತು "ಬಂತು, ಬಂತು... ಹೋಯ್ತು" ಅಂತ ಬೊಬ್ಬೆ ಹಾಕುವುದು. ಮಂಗಳೂರಿನ ಕಡೆಗೆ ತಿರುಗಿದರೆ ಕನ್ನಡ. ತೆಂಕಿಗೆ ತಿರುಗಿದರೆ ಮಲಯಾಳಂ. ಜೋರು ಮಳೆ ಬಂದರೆ ಎರಡೂ ಇಲ್ಲ, ಬರೀ ಚುಕ್ಕೆ. ಯಾವುದು ನೋಡುವುದು ಅಂತ ಮನೆಯಲ್ಲಿ ಜಗಳ ಆಗ್ತಿತ್ತು. ಆದರೆ ಅದು ಭಾಷೆಯ ಜಗಳ ಆಗಿರಲಿಲ್ಲ. ಯಾವ ಸಿನಿಮಾದಲ್ಲಿ ಅಳುವುದು ಕಮ್ಮಿ ಅನ್ನುವುದಷ್ಟೇ ಪ್ರಶ್ನೆ.

ಹಾಗೆ ನೋಡಿದ್ದು ಗಣೇಶನ ಮದುವೆ. 1990ರದ್ದು, ಫಣಿ ರಾಮಚಂದ್ರ ಅವರ ನಿರ್ದೇಶನ. ವಠಾರ ಅಂದರೆ ಎಂತ ಅಂತಲೇ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಪಕ್ಕದ ಮನೆಗೆ ಹೋಗಲು ಎರಡು ಅಡಿಕೆ ತೋಟ, ಒಂದು ತೋಡು ದಾಟಬೇಕು. ಇಷ್ಟು ಹತ್ತಿರ ಇದ್ದುಕೊಂಡು ಜನ ಇಷ್ಟು ಚಂದ ಜಗಳ ಮಾಡಬಹುದು ಅನ್ನುವುದೇ ನನಗೆ ಆಶ್ಚರ್ಯ. ಗಣೇಶನಿಗೂ ಆದಿಲಕ್ಷ್ಮಿಗೂ ದಿನಾ ಕಿತ್ತಾಟ. ಅವನು ಮುಖ ನೋಡದೆ ಮೆಚ್ಚಿಕೊಂಡ ಗಾಯಕಿ ಇವಳೇ ಅಂತ ಅವನಿಗೆ ಗೊತ್ತಿಲ್ಲ. ಈಗಲೂ ಹಾಕಿ ನೋಡು, ಒಂದು ಕಡೆಯೂ ಹಳತಾಗಿಲ್ಲ. ಮತ್ತೆ ಒಂದು ಮಾತು. ಗಣೇಶನಾಗಿ ನಟಿಸಿದ ನಿಮ್ಮ ಅನಂತನಾಗ್ ಚಿಕ್ಕವರಿರುವಾಗ ಕೆಲವು ಕಾಲ ಇದ್ದದ್ದು ನಮ್ಮ ಕಾಞಂಗಾಡಿನ ಆನಂದಾಶ್ರಮದಲ್ಲಿ. ಇದನ್ನು ನಾನು ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಲ್ಲ. ಯಾರೂ ನಂಬುವುದಿಲ್ಲ.

ಆಮೇಲೆ ಒಂದು ದಿನ ಆಂಟೆನಾ ತೆಂಕಿಗೆ ತಿರುಗಿದಾಗ ಮಣಿಚಿತ್ರತಾಳ್ ಬಂತು. ಫಾಸಿಲ್ ಅವರ 1993ರ ಸಿನಿಮಾ. ಎಲ್ಲರೂ ಹೆದರಿ ಕೂತಿದ್ದಾರೆ. ನಾನು ಎದ್ದು ನಿಂತು, "ಆದಿಲಕ್ಷ್ಮಿ ಇಲ್ಲಿ ಎಂತ ಮಾಡುವುದು?" ಅಂತ ಕೇಳಿದೆ. ಹೌದು ಮಾರಾಯ, ಅದರಲ್ಲಿ ಶ್ರೀದೇವಿಯಾಗಿ ನಟಿಸಿದ್ದು ಆದಿಲಕ್ಷ್ಮಿಯಾಗಿದ್ದ ಅದೇ ವಿನಯಾ ಪ್ರಸಾದ್. "ಅವಳು ಉಡುಪಿಯವಳು, ಸುಮ್ನೆ ಕೂತು ನೋಡು" ಅಂದಳು ಅಮ್ಮ. ಉಡುಪಿಯವರು ಹೋಟೆಲ್ ಹಾಕಲು ಎಲ್ಲಿಗೆ ಬೇಕಾದರೂ ಹೋಗ್ತಾರೆ ಅಂತ ನನಗೆ ಗೊತ್ತಿತ್ತು. ಅದರಿಂದ ಆ ಉತ್ತರ ಸರಿ ಅನ್ನಿಸಿತು. ಸಿನಿಮಾದಲ್ಲಿ ಹುಚ್ಚು ಅಂತ ಎಲ್ಲರೂ ಅನುಮಾನ ಪಡುವುದು ಈ ಶ್ರೀದೇವಿಯ ಮೇಲೆ. ಪಾಪ, ನಮ್ಮ ಕಡೆಯವಳು ಅಂತ ನಾನು ಕೊನೆವರೆಗೂ ಅವಳ ಪರ.

ನೀನು ಹೇಳುವ ಆಪ್ತಮಿತ್ರ ಅದರದ್ದೇ ಕನ್ನಡ ರೂಪ, 2004ರದ್ದು. "ಒರಿಜಿನಲ್ ನಮ್ದೇ ಅಲ್ವಾ" ಅಂತ ಹಾಸ್ಟೆಲಿನಲ್ಲಿ ನನ್ನ ಹತ್ತಿರ ಪಂದ್ಯ ಕಟ್ಟಿ ಎರಡು ಮಸಾಲೆ ದೋಸೆ ಸೋತದ್ದು ನೆನಪುಂಟಾ? ಎರಡನ್ನೂ ಈಗ ನೋಡಿದರೆ ನನ್ನ ತೀರ್ಪು ಇಷ್ಟು: ಮಲಯಾಳಂನದ್ದಕ್ಕೆ ವಯಸ್ಸೇ ಆಗಿಲ್ಲ, ಯಾಕೆಂದರೆ ಅದರಲ್ಲಿ ಗ್ರಾಫಿಕ್ಸ್ ನಂಬಿ ಕೂತದ್ದು ಎಂತದ್ದೂ ಇಲ್ಲ. ಒಂದು ಬೀಗ, ಒಂದು ಕೋಣೆ, ಶೋಭನಾ ಅವರ ಕಣ್ಣು. ಕನ್ನಡದ್ದರಲ್ಲಿ ಆ ದೊಡ್ಡ ಹಾವು ಬಂದಾಗ ನನ್ನ ಮಗಳು ನಗ್ತಾಳೆ. ಆದರೆ ಸೌಂದರ್ಯ ಕುಣಿಯುವಾಗ ನಗುವುದಿಲ್ಲ. ಆ ಸಿನಿಮಾ ತೆರೆಗೆ ಬರುವ ಮೊದಲೇ ಅವರು ಹೋಗಿಬಿಟ್ಟಿದ್ದರು ಅನ್ನುವುದು ಗೊತ್ತಿಲ್ಲದವರಿಗೂ ಆ ಹಾಡಿನಲ್ಲಿ ಎಂತದೋ ಆಗ್ತದೆ.

ಇನ್ನೊಂದು. ಮಲಯಾಳಂನಲ್ಲಿ ಶೋಭನಾ ಮಾಡಿದ ಗಂಗಾ, ಹಿಂದೆಂದೋ ಸತ್ತ ನರ್ತಕಿ ನಾಗವಲ್ಲಿಯಾದರೆ ತಮಿಳು ಮಾತಾಡ್ತಾಳೆ. ಕನ್ನಡದವಳು ತೆಲುಗು ಮಾತಾಡ್ತಾಳೆ. ಅವಳ ಬಾಯಿಯಿಂದ ಬೇರೆ ಭಾಷೆ ಬಂತು ಅಂತ ನೀವೆಲ್ಲ ಥಿಯೇಟರಿನಲ್ಲಿ ನಡುಗಿದಿರಿ. ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ಭಾಷೆ ಬದಲಾಗುವುದು ದಿನಾ ಉಂಟು. ಅಮ್ಮ ಕನ್ನಡ ಬಿಟ್ಟು ತುಳುವಿಗೆ ಇಳಿದರೆ ಓಡಬೇಕು ಅಂತ ಅರ್ಥ.

ಮಣಿಚಿತ್ರತಾಳಿನ ಕೆಲವು ಭಾಗ ತೆಗೆದದ್ದು ಪದ್ಮನಾಭಪುರಂ ಅರಮನೆಯಲ್ಲಿ. ಅರಮನೆ ಇರುವುದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ, ನೋಡಿಕೊಳ್ಳುವುದು ಕೇರಳ ಸರಕಾರ. 1956ರ ನವೆಂಬರ್ 1ರಂದು ಆ ತುದಿಯಲ್ಲಿ ಕನ್ಯಾಕುಮಾರಿ ತಿರುವಾಂಕೂರು-ಕೊಚ್ಚಿ ರಾಜ್ಯದಿಂದ ಮದ್ರಾಸಿಗೆ ಹೋಯಿತು, ಈ ತುದಿಯಲ್ಲಿ ಕಾಸರಗೋಡು ಹೊಸ ಕೇರಳದ ಒಳಗೆ ಬಂತು. ಅರಮನೆಯನ್ನಾದರೂ ಬಿಟ್ಟುಕೊಡದೆ ಇಟ್ಟುಕೊಂಡರು. ನಮಗೆ ಅಂಥ ಅರಮನೆ ಯಾವುದೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಇರಲಿ, ಭಾಷಣ ಬೇಡ ಅಂದವನು ನಾನೇ.

ನಿಜವಾದ ತಲೆನೋವು ಬೇರೆಯೇ ಉಂಟು. ಈ ಸಿನಿಮಾಗಳನ್ನು ಮಗಳಿಗೆ ಟಿವಿಯಲ್ಲಿ ತೋರಿಸುವುದು.

ಆಂಟೆನಾಕ್ಕೆ ಪಿನ್‌ಕೋಡ್ ಗೊತ್ತಿರಲಿಲ್ಲ. ಈಗಿನ ಡಿಶ್‌ಗೆ ಗೊತ್ತು. ನಮ್ಮದು 671ರಿಂದ ಶುರು, ಹಾಗಾಗಿ ನಾವು ಕೇರಳ ಪ್ಯಾಕ್. 2019ರಲ್ಲಿ ಬೇಕಾದ ಚಾನೆಲಿಗೆ ಮಾತ್ರ ದುಡ್ಡು ಕೊಡಿ ಅಂತ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮ ಬಂದಾಗ, ಇನ್ನು ಬಚಾವ್ ಅಂದುಕೊಂಡೆ. ಕನ್ನಡ ಚಾನೆಲುಗಳನ್ನು ಒಂದೊಂದಾಗಿ ಸೇರಿಸಿದೆ. ಒಂದು ತಿಂಗಳು ಬಂತು. ರೀಚಾರ್ಜ್ ಎರಡು ದಿನ ತಡವಾದದ್ದೇ ತಡ, ಎಲ್ಲ ಹೋಗಿ ಮೊದಲಿನ ಕೇರಳ ಪ್ಯಾಕೇ ಕೂತುಕೊಂಡಿತು. ಅಲ್ಲಿಂದ ಇಲ್ಲಿಯವರೆಗೆ ಇದೇ ಕಥೆ. ಸೇರಿಸುವುದು, ಅದು ಬೀಳುವುದು, ಮತ್ತೆ ಸೇರಿಸುವುದು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮಲಯಾಳಂಗೆ ಒಂದು ಒತ್ತಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಕನ್ನಡಕ್ಕೆ ನಂಬರೇ ಇಲ್ಲ. ಒಂದು ಒತ್ತಿ ನಮ್ಮ ಕಾಸರಗೋಡು ಮಲಯಾಳಂನಲ್ಲಿ ಶುರು ಮಾಡಿದೆ. ಆ ಹುಡುಗಿ ತೆಂಕಿನವಳು. ಎರಡು ನಿಮಿಷ ಕೇಳಿ, ಬಹಳ ಮರ್ಯಾದೆಯಿಂದ, "ಸಾರ್, ನೀವು ತಮಿಳಾ?" ಅಂತ ಕೇಳಿದಳು. ಅಲ್ಲಮ್ಮ, ಕಾಸರಗೋಡು ಅಂದೆ. "ಹಾಗಾದರೆ ನಿಮಗೆ ಕನ್ನಡ ಚಾನೆಲ್ ಎಂತಕ್ಕೆ ಸಾರ್?" ಅಂದಳು. ನಿನ್ನದೂ ಅದೇ ಪ್ರಶ್ನೆ ಅಲ್ವಾ? ಆರುನೂರು ಕಿಲೋಮೀಟರ್ ಆಚೆ ಕೂತವಳಿಗೆ ಗೊತ್ತಿಲ್ಲ, ಸರಿ. ನೀನು ನಮ್ಮ ಮನೆಯಲ್ಲಿ ನೀರುದೋಸೆ ತಿಂದು ಹೋದವನು.

ಕೊನೆಗೆ ಒಂದು ಉಪಾಯ ಮಾಡಿದೆ. ಬಾವನ ಮನೆ ತಲಪಾಡಿಯಿಂದ ಆಚೆ, ಕರ್ನಾಟಕ. ಅವನ ವಿಳಾಸದಲ್ಲಿ ಹೊಸ ಕನೆಕ್ಷನ್ ತಗೊಂಡು, ಡಿಶ್ ಬಿಚ್ಚಿ ತಂದು ನಮ್ಮ ತಾರಸಿಯಲ್ಲಿ ಹಾಕಿದೆ. ಚಾನೆಲುಗಳು ಚಂದ ಬಂದವು. ಮೇಲೆ ಉಪಗ್ರಹಕ್ಕೆ ಗಡಿ ಕಾಣುವುದಿಲ್ಲ, ಬಿಲ್ಲಿಗೆ ಮಾತ್ರ ಕಾಣುವುದು. ಆದರೆ ಮೊದಲ ಸಿಡಿಲಿಗೇ ಡಬ್ಬ ಸುಟ್ಟುಹೋಯಿತು. ದೂರು ಕೊಟ್ಟರೆ ಮೆಕ್ಯಾನಿಕ್ ನೇರ ಬಾವನ ಮನೆಗೆ ಹೋಗಿ, ಅವರ ಟಿವಿ ಆನ್ ಮಾಡಿ ನೋಡಿ, "ಎಲ್ಲ ಸರಿ ಉಂಟಲ್ಲ" ಅಂತ ಸಹಿ ಹಾಕಿಸಿಕೊಂಡು ಹೋದ. ಎರಡನೇ ಸಲವೂ ಹಾಗೇ. ಮೂರನೇ ಸಲ ಅಕ್ಕ ನನಗೆ ಫೋನ್ ಮಾಡಿ ಬೈದಳು. ತುಳುವಿನಲ್ಲಿ.

ಮೊಬೈಲಿನಲ್ಲಿ ನೋಡಬಹುದು ಅಂತೀಯ. ನೋಡ್ತೇವೆ. ಗಣೇಶನ ಮದುವೆಯನ್ನು ಕಳೆದ ಮಳೆಗಾಲ ಮೊಬೈಲಿನಲ್ಲೇ ನೋಡಿದ್ದು, ಲೋಟಕ್ಕೆ ಒರಗಿಸಿ ಇಟ್ಟು. ಮಣಿಚಿತ್ರತಾಳ್ 2024ರಲ್ಲಿ ಮತ್ತೆ ಥಿಯೇಟರಿಗೆ ಬಂದಿತ್ತಲ್ಲ, ಮಗಳು ಅದನ್ನು ಮೊದಲೇ ನೋಡಿದ್ದಳು. ಆದಿಲಕ್ಷ್ಮಿ ಬಾಯಿ ಬಿಟ್ಟು ಜಗಳ ಶುರು ಮಾಡಿದ್ದೇ ಇವಳು, "ಪಪ್ಪ, ಶ್ರೀದೇವಿ ಚೇಚಿಗೆ ಕನ್ನಡ ಬರ್ತದಾ?" ಅಂದಳು. ನನ್ನ ಅಮ್ಮ ಒಳಗಿನಿಂದಲೇ ಅದೇ ಉತ್ತರ ಕೊಟ್ಟಳು.

ಹತ್ತನೇ ತಾರೀಕಿಗೆ ರೀಚಾರ್ಜ್ ಮುಗಿಯುತ್ತದೆ. ಬಾವನ ವಿಳಾಸ ಇನ್ನು ಕೇಳುವ ಹಾಗಿಲ್ಲ. ನಿನ್ನ ಬೆಂಗಳೂರಿನ ಮನೆಯ ಪಿನ್‌ಕೋಡ್ ಒಮ್ಮೆ ಕಳಿಸು. ಮೆಕ್ಯಾನಿಕ್ ಬಂದರೆ ಚಾ ಕೊಟ್ಟು ಕೂರಿಸಿ, ನನಗೆ ಫೋನ್ ಹಚ್ಚು.