ಟ್ಯೂಷನ್‌ಗಿಂತ ಮೊದಲು ಹುಣಸೆ ಬೀಜ

ಹಾವೇರಿ ಕಡೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಮಗ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. ಭಾಗಾಕಾರ ಬರುವುದಿಲ್ಲ. ‘ಇವನ ತಲೆಗೆ ಹತ್ತೋದಿಲ್ಲ, ಟ್ಯೂಷನ್‌ಗೆ ಹಾಕಿ’ ಎಂದರಂತೆ ಮೇಷ್ಟ್ರು. ‘ಇವನೊಬ್ಬನಿಗಾಗಿ ಇಡೀ ತರಗತಿ ನಿಲ್ಲಿಸಿ ಅಂತ ಹೇಗೆ ಕೇಳಲಿ?’ ಎನ್ನುತ್ತಾರೆ ಆ ತಾಯಿ.

ಕೇಳಿ, ತಾಯಿ. ಧೈರ್ಯವಾಗಿ ಕೇಳಿ. ನಿಮ್ಮ ಸಂಕೋಚ ಒಳ್ಳೆಯ ಮನಸ್ಸಿನದು, ಆದರೆ ಇಲ್ಲಿ ಬೇಡ. ನಲವತ್ತು ಮಕ್ಕಳ ಮುಂದೆ ನಿಂತವರ ಕಷ್ಟ ನನಗೂ ಗೊತ್ತು. ಪಾಠ ಮುಗಿಸಬೇಕು, ಅದೂ ನಿಜ. ಆದರೆ ತರಗತಿ ನಿಲ್ಲಬೇಕಾಗಿಲ್ಲವಲ್ಲ. ಹುಡುಗನ ಪಕ್ಕ ಯಾರಾದರೂ ಹತ್ತು ನಿಮಿಷ ಕೂತರೆ ಸಾಕು.

ನನ್ನ ಪಕ್ಕ ಒಬ್ಬರು ಹಾಗೆ ಕೂತಿದ್ದರು. ಐದನೇ ತರಗತಿಯಲ್ಲಿ 42ರಲ್ಲಿ 17 ಕಳೆದರೆ ನನಗೆ 35 ಬರುತ್ತಿತ್ತು. 2ರಲ್ಲಿ 7 ಹೋಗುವುದಿಲ್ಲ ಎಂದು 7ರಲ್ಲೇ 2 ಕಳೆದುಬಿಡುತ್ತಿದ್ದೆ. ಎಲ್ಲರೂ ತಪ್ಪು ಗುರುತು ಹಾಕಿ ಕಳಿಸಿದವರೇ. ಆ ಟೀಚರ್ ಮಾತ್ರ ‘ಹೇಗೆ ಮಾಡ್ದೆ, ಹೇಳು ಮಗಾ’ ಅಂದರು. ಊಟದ ಬಿಡುವಿನಲ್ಲಿ ಜಗಲಿ ಮೇಲೆ ಹುಣಸೆ ಬೀಜ ಸುರಿದು, ಹತ್ತತ್ತು ಎಣಿಸಿ ಕಾಗದದ ಪೊಟ್ಟಣ ಕಟ್ಟಿಸಿದರು. ಬಿಡಿ ಬೀಜ ಸಾಲದಾದಾಗ ಒಂದು ಪೊಟ್ಟಣ ಬಿಚ್ಚಿಸಿದರು. ನಾಲ್ಕು ದಿನ ಹಿಡಿಯಿತು, ಅಷ್ಟೇ.

ನಿಮ್ಮ ಮಗನಿಗೂ ಇದೇ ಲೆಕ್ಕ ಕೊಟ್ಟು ನೋಡಿ. ಮಗ್ಗಿಯನ್ನೂ ಕೇಳಿ. ಕಳೆಯಲು ಬಾರದವನು ಭಾಗಿಸುವುದು ಹೇಗೆ? ಟ್ಯೂಷನ್‌ನಲ್ಲೂ ಆರನೇ ತರಗತಿಯ ಪಾಠವನ್ನೇ ಇನ್ನೊಮ್ಮೆ ಒಪ್ಪಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ, ಅಲ್ವಾ?

ಮಗು ಎಡವಿದಲ್ಲಿಂದಲೇ ಕಲಿಸಬೇಕು ಎಂಬುದು ನಮ್ಮ ರಾಜ್ಯಕ್ಕೆ ತಿಳಿಯದ ವಿಷಯವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಶುರುವಾದದ್ದೇ ಹೀಗೆ. ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳಿಂದ ಕಲಿತ ಕ್ರಮ ಅದು. ಮೂರನೇ ತರಗತಿಯವರೆಗೆ ಮಕ್ಕಳು ಚಟುವಟಿಕೆಯ ಕಾರ್ಡು ಹಿಡಿದು ತಮ್ಮ ತಮ್ಮ ಮೆಟ್ಟಿಲಿನಿಂದ ಹತ್ತುತ್ತಾರೆ. ವಾರ ರಜೆ ಹಾಕಿ ಬಂದ ಮಗುವೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಎಷ್ಟು ಚೆಂದದ ಏರ್ಪಾಡು! ಆದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ.

ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹತ್ತು ನಿಮಿಷ ಕಿತ್ತುಕೊಂಡವರ ಮೇಲೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಪ್ರತಿ ಮಗುವಿನ ಕಲಿಕೆ ಅಳೆದು, ಬೇಕಾದವರಿಗೆ ಜಾಸ್ತಿ ಪಾಠ ಹೇಳಿಕೊಡಿ ಎನ್ನುತ್ತದೆ. 27ನೇ ಕಲಂ ಜನಗಣತಿಗೂ ಚುನಾವಣೆಗೂ ಅದೇ ಮೇಷ್ಟ್ರನ್ನು ಕಳಿಸಬಹುದು ಎನ್ನುತ್ತದೆ. ಇದರ ಮೇಲೆ ಬಿಸಿಯೂಟದ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಮಾಹಿತಿ. ಹುಣಸೆ ಬೀಜ ಎಣಿಸಲು ಅವರಿಗೆ ಹೊತ್ತೆಲ್ಲಿದೆ?

ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಮುಂದಿನ ಸಭೆಗೆ ಹೋಗಿ, ತಾಯಿ. 24ನೇ ಕಲಂ ಓದಿ ಹೇಳಿ. ನಿಮ್ಮ ಮಗನ ಹಾಗೇ ಎಡವುತ್ತಿರುವ ಮಕ್ಕಳ ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ.

– ಸಂ.